ನೆಟ್ ಸರಿಯಿತ್ತು, ಕಂಪ್ಯೂಟರಿನ ಗಡಿಯಾರ ಕೆಟ್ಟಿತ್ತು

ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಮನೆ ಒಳಗೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಜಾಸ್ತಿ. ಹಾಗಾಗಿ ಫೈಬರ್ ಲೈನ್ ಎಳೆಸಿದ ಮೇಲೆ ಅಡಿಕೆ ರೇಟು ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ಪಹಣಿ ತೆಗೆಯುವುದು ಎಲ್ಲಾ ಅದರಲ್ಲೇ ಆಗಬೇಕು. ನೆಟ್ ಇಲ್ಲ ಅಂದ್ರೆ ಪೇಟೆಗೆ ಹೋಗಬೇಕು, ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ.

ಕಳೆದ ಮಳೆಗಾಲದಲ್ಲಿ ಮಗಳ ಸಿಇಟಿ ಆಪ್ಷನ್ ಎಂಟ್ರಿ ಇತ್ತು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅಂತ ನೋಟ್ ಪುಸ್ತಕದಲ್ಲಿ ಎರಡು ಪುಟ ಬರೆದುಕೊಂಡು ಕೂತಿದ್ದಳು. ಮಾರನೇ ದಿನ ಕೊನೇ ದಿನ. ಕಂಪ್ಯೂಟರ್ ಹಾಕಿದರೆ ಯಾವ ಪುಟವೂ ತೆರೆಯುತ್ತಿಲ್ಲ. ಎಲ್ಲದಕ್ಕೂ ಒಂದೇ ಎಚ್ಚರಿಕೆ, ಈ ಸಂಪರ್ಕ ಸುರಕ್ಷಿತವಲ್ಲ ಅಂತ. ನಾನು ನೆಟ್ ಹೋಗಿದೆ ಅಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡಿದೆ, ವೈರ್ ಕಿತ್ತು ಮತ್ತೆ ಸಿಕ್ಕಿಸಿದೆ, ವೈರಸ್ ಬಂದಿರಬಹುದಾ ಅಂತಲೂ ಹೆದರಿಕೆ ಆಯ್ತು. ಒಂದೂವರೆ ಗಂಟೆ ಹೀಗೇ ಹೋಯ್ತು.

ಆದರೆ ರೂಟರಿನಲ್ಲಿ ಕೆಂಪು ದೀಪ ಇರಲಿಲ್ಲ. ಅದೇ ವೈಫೈನಲ್ಲಿ ಮಗಳ ಮೊಬೈಲಿನಲ್ಲಿ ಅದೇ ಪುಟ ಸಲೀಸಾಗಿ ತೆರೆಯಿತು. ಅಂದ್ರೆ ತೊಂದರೆ ಲೈನಿನದ್ದಲ್ಲ, ಕಂಪ್ಯೂಟರಿನದ್ದೇ ಅಲ್ವಾ? ಆಗ ಆ ಎಚ್ಚರಿಕೆಯನ್ನು ಪೂರ್ತಿ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಡೇಟ್' ಅಂತ ಒಂದು ಪದ ಇತ್ತು.

"ಅಮ್ಮಾ, ಮೂಲೆಯಲ್ಲಿ ತಾರೀಕು ನೋಡು" ಅಂದಳು ಮಗಳು. 01-01-2017 ಅಂತ ತೋರಿಸುತ್ತಿತ್ತು.

ಪ್ರತಿ ಸುರಕ್ಷಿತ ಜಾಲತಾಣಕ್ಕೂ ಅದು ಅಸಲಿ ಅಂತ ತೋರಿಸುವ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಮ್ಮ ಕಂಪ್ಯೂಟರ್ ಇನ್ನೂ 2017ರಲ್ಲೇ ಇದೆ ಅಂದ್ರೆ ಅದರ ಲೆಕ್ಕದಲ್ಲಿ ಆ ಅವಧಿ ಶುರುವೇ ಆಗಿಲ್ಲ, ಹಾಗಾಗಿ ನಂಬುವುದಿಲ್ಲ. ತಾರೀಕು, ಸಮಯ ಎರಡನ್ನೂ ಕೈಯಲ್ಲೇ ಸರಿ ಮಾಡಿದೆ. ಪುಟ ತೆರೆಯಿತು. ರಾತ್ರಿ ಹತ್ತೂವರೆಗೆ ಎಲ್ಲಾ ಆಪ್ಷನ್ ತುಂಬಿ ಸೇವ್ ಮಾಡಿದಳು.

ಬೆಳಿಗ್ಗೆ ನೋಡಿದರೆ ಮತ್ತೆ 2017. ಕಾರಣ ಮದರ್‌ಬೋರ್ಡಿನ, ಅಂದ್ರೆ ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡಿನ ಮೇಲಿರುವ ಬಿಲ್ಲೆ ಸೆಲ್. ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದಾಗ ಗಡಿಯಾರ ಕರೆಂಟಿನಲ್ಲೇ ನಡೆಯುತ್ತದೆ, ಪ್ಲಗ್ ತೆಗೆದರೆ ಈ ಸೆಲ್ಲೇ ನಡೆಸಬೇಕು. ನಮ್ಮಲ್ಲಿ ಗುಡುಗು ಶುರುವಾದರೆ ಮೊದಲು ಪ್ಲಗ್ ಕೀಳುವುದು, ಅದು ಬೇಕೇ ಬೇಕು, ಇಲ್ಲದಿದ್ದರೆ ಸಿಡಿಲಿಗೆ ಎಲ್ಲಾ ಸುಟ್ಟುಹೋಗುತ್ತದೆ. ಹೀಗೆ ಪ್ರತಿ ಮಳೆಗಾಲವೂ ದಿನಗಟ್ಟಲೆ ಗಡಿಯಾರ ಸೆಲ್ಲಿನ ಮೇಲೇ ನಡೆದು, ಹಳೇ ಸೆಲ್ ಮುಗಿದೇ ಹೋಗಿತ್ತು. ಒಂದು ವಾರದಿಂದ ಕಂಪ್ಯೂಟರ್ ಹಾಕುವಾಗೆಲ್ಲ ಏನೋ ಎಚ್ಚರಿಕೆ ತೋರಿಸಿ ಕೀಬೋರ್ಡಿನ ಎಫ್1 ಒತ್ತು ಅಂತ ಕೇಳುತ್ತಿತ್ತು, ನಾನು ಓದದೆ ಸುಮ್ನೆ ಒತ್ತುತ್ತಿದ್ದೆ.

ವಾಚ್ ಅಂಗಡಿಯಲ್ಲಿ ಸಿಆರ್2032 ಅಂತ ಕೇಳಿದರೆ ಕೊಡುತ್ತಾರೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ಹೆಸರು. ಪ್ಲಗ್ ಪೂರ್ತಿ ತೆಗೆದು, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಹೋಗಲಿ ಅಂತ ಕ್ಯಾಬಿನೆಟ್ಟಿನ ಬರೀ ಕಬ್ಬಿಣ ಮುಟ್ಟಿ, ಪಕ್ಕದ ಎರಡು ಸ್ಕ್ರೂ ಬಿಚ್ಚಿದೆ. ಮಗಳು ಟಾರ್ಚ್ ಹಿಡಿದಳು. ಸೆಲ್ಲಿನ ಅಂಚಿನಲ್ಲಿ ಒಂದು ಪುಟ್ಟ ಕೊಂಡಿ ಇದೆ, ಅದನ್ನು ಉಗುರಿನಲ್ಲಿ ಮೆಲ್ಲಗೆ ಆಚೆ ತಳ್ಳಿದರೆ ಸೆಲ್ ಟಪ್ ಅಂತ ಮೇಲೆ ಬರುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿದೆ. ಆಮೇಲೆ ಇನ್ನೊಂದು ಸಲ ತಾರೀಕು ಹಾಕಬೇಕು, ಅದನ್ನು ಮರೀಬೇಡಿ.

ಆ ಸಂಜೆಯೂ ಗುಡುಗಿತು, ಪ್ಲಗ್ ಕಿತ್ತಿಟ್ಟೆವು. ಬೆಳಿಗ್ಗೆ ಹಾಕಿದಾಗ ಎಫ್1 ಕೇಳಲಿಲ್ಲ, ತಾರೀಕೂ ಸರಿಯಿತ್ತು. ಸೆಲ್ ಹಾಕಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿದ್ದೇನೆ.