ಮಳೆಗಾಲದ ಹಾವಸೆ: ಪ್ರೆಶರ್ ವಾಷರ್‌ನಲ್ಲಿ ಮನೆ ತೊಳೆಯುವ ಮೊದಲು

ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಕೂಡಲೇ ನಮ್ಮ ಪುತ್ತೂರು, ಸುಳ್ಯ ಕಡೆ ಮನೆ ತೊಳೆಯುವ ಕೆಲಸ ಶುರು. ಮಳೆಗೆ ಪಾಗಾರ, ಗೋಡೆ, ಅಂಗಳ ಎಲ್ಲ ಹಾವಸೆ, ಅಂದರೆ ಪಾಚಿ ಹಿಡಿದು ಕಪ್ಪಾಗಿರುತ್ತದೆ. ನಾನು ಒತ್ತಡದಲ್ಲಿ ನೀರು ಹಾರಿಸುವ ಮೆಷಿನ್ ತೆಗೆದುಕೊಂಡು ಈ ಕೆಲಸಕ್ಕೆ ಹೋಗುತ್ತೇನೆ. ಈಗ ತುಂಬಾ ಜನ ತಾವೇ ಸಣ್ಣ ಪ್ರೆಶರ್ ವಾಷರ್ ತರಿಸುತ್ತಾರೆ. ಒಳ್ಳೆಯದೇ. ಆದರೆ ಒತ್ತಡ ಜಾಸ್ತಿ ಕೊಟ್ಟಷ್ಟೂ ಗೋಡೆ ಚೆನ್ನಾಗಿ ಬೆಳಗುತ್ತದೆ ಎಂಬ ನಂಬಿಕೆ ಬಿಡಬೇಕು. ಹಾವಸೆ ಸಾಯುವುದು ಬ್ಲೀಚಿಂಗ್ ಪೌಡರಿಗೆ. ನೀರು ಸತ್ತದ್ದನ್ನು ತೊಳೆದು ಹಾಕಿದರೆ ಸಾಕು.

ಮೊದಲು ಮನೆಗೆ ಒಂದು ಸುತ್ತು ಬನ್ನಿ. ಕೆಲವು ಜಾಗಕ್ಕೆ ಮೆಷಿನ್ ಹಿಡಿಯಲೇಬಾರದು. ಹಳೆಯ ಸಿಮೆಂಟ್ ಶೀಟಿನ ಮಾಡು (ಛಾವಣಿ) ಇದ್ದರೆ ಮುಟ್ಟಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ನೀರಿನ ಹೊಡೆತಕ್ಕೆ ಅದರ ನಾರು ಬಿಟ್ಟುಕೊಂಡು, ಒಣಗಿದ ಮೇಲೆ ಗಾಳಿಗೆ ಸೇರುತ್ತದೆ. ಆ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಹಳೇ ಬಣ್ಣ ಚಕ್ಕೆ ಏಳುತ್ತಿದ್ದರೂ ಬೇಡ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಅದು ಅಂಗಳಕ್ಕೆ ಉದುರಿದರೆ ಮಕ್ಕಳ ಕೈಗೆ ಅಂಟುತ್ತದೆ.

ಗಾರೆ ಮಾಡದ ಮುರಕಲ್ಲಿನ ಗೋಡೆ ನೋಡಲು ಗಟ್ಟಿ, ಆದರೆ ಮೇಲ್ಮೈ ಮೆದು. ಹತ್ತಿರದಿಂದ ನೀರು ಬಿಟ್ಟರೆ ಕೆಂಪು ನೀರು ಇಳಿಯಲು ಶುರುವಾಗುತ್ತದೆ. ಅದು ಕೊಳೆ ಅಲ್ಲ, ಕಲ್ಲೇ ಕರಗಿ ಬರುತ್ತಿರುವುದು. ಅಂಥ ಗೋಡೆಗೆ ತೆಂಗಿನ ನಾರಿನ ಬ್ರಷ್ಷು, ಮಾಮೂಲಿ ಪೈಪಿನ ನೀರು ಸಾಕು. ಹಂಚಿನ ಮಾಡಿಗೂ ಹಾಗೆಯೇ. ಮಂಗಳೂರು ಹಂಚು ಒಂದರ ಮೇಲೊಂದು ಕೂರುವುದು ಮೇಲಿಂದ ಬೀಳುವ ಮಳೆಗೆ. ಕೆಳಗಿನಿಂದ ಜೆಟ್ ಬಿಟ್ಟರೆ ನೀರು ಸಂದಿಯಲ್ಲಿ ನುಗ್ಗಿ ಹಂಚಿನ ಅಡಿಯ ಮರದ ಪಕ್ಕಾಸು ಒದ್ದೆಯಾಗುತ್ತದೆ.

ಇನ್ನು ಕರೆಂಟು. ಪ್ಲಗ್ಗಿಗೆ ಮೂರು ಪಿನ್ ಇರಲೇಬೇಕು, 16 ಆಂಪಿಯರ್ ಸಾಕೆಟ್ ಆದರೆ ಒಳ್ಳೆಯದು. ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು ಇದೆಯಾ ನೋಡಿ. ಅದರ ಟೆಸ್ಟ್ ಬಟನ್ ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಅಥವಾ ಆರ್‌ಸಿಸಿಬಿಯೇ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದು ಹೋಗುವವರೆಗೆ ಮೆಷಿನ್ ಹಚ್ಚಬೇಡಿ. ಹೊರಗಿನ ಸ್ವಿಚ್ಚು, ಮೀಟರು, ಕಂಬದಿಂದ ಬರುವ ಸರ್ವೀಸ್ ವಯರಿನ ಕಡೆ ನೀರು ಹಾರಿಸಲೇಬಾರದು.

ಹತ್ತು ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಗಸಿ ಕೂರಲು ಬಿಡಿ. ಮೇಲಿನ ತಿಳಿ ಮಾತ್ರ ಬಳಸಿ. ಇದಕ್ಕೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೇರಿಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಜೀವಕ್ಕೇ ಅಪಾಯ. ಗೋಡೆ ಬುಡದ ಗಿಡಗಳಿಗೆ ಮೊದಲೂ ಆಮೇಲೂ ಚೆನ್ನಾಗಿ ನೀರು ಹಾಕಿ. ಬಾವಿ ಹತ್ತಿರ ಇದ್ದರೆ ತೊಳೆದ ನೀರು ಅತ್ತ ಹರಿಯದಂತೆ ಮಣ್ಣಿನ ಕಟ್ಟ ಹಾಕಿ. ದ್ರಾವಣವನ್ನು ಗೋಡೆಯ ಕೆಳಗಿನಿಂದ ಮೇಲಕ್ಕೆ ಹಚ್ಚಿಕೊಂಡು ಹೋಗಿ, ಇಲ್ಲದಿದ್ದರೆ ಒಣ ಗೋಡೆಯ ಮೇಲೆ ಇಳಿದು ಗೆರೆ ಬೀಳುತ್ತದೆ. ಹತ್ತು ಹದಿನೈದು ನಿಮಿಷ ಬಿಡಿ, ಒಣಗಲು ಬಿಡಬೇಡಿ. ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಆಗ ಮೇಲಿನಿಂದ ಕೆಳಕ್ಕೆ ತೊಳೆಯಿರಿ.

ನಳ್ಳಿ ಬಿಟ್ಟು, ಗನ್ನಿನ ಟ್ರಿಗರ್ ಒತ್ತಿ ಗಾಳಿಯೆಲ್ಲ ಹೋದ ಮೇಲೆಯೇ ಸ್ವಿಚ್ ಹಾಕಿ. ಗೋಡೆಗೆ ಹಸಿರು ಅಥವಾ ಬಿಳಿ ನಾಝಲ್, ಅಂದರೆ ನೀರು 25 ಅಥವಾ 40 ಡಿಗ್ರಿ ಅಗಲಕ್ಕೆ ಹರಡುವಂಥದ್ದು. ನೀರನ್ನು ಹರಡದೆ ಒಂದೇ ಗೆರೆಯಾಗಿ ಹೊಡೆಯುವ ಕೆಂಪು ನಾಝಲ್ ಡಬ್ಬಿಯಲ್ಲೇ ಇರಲಿ. ಮೊದಲು ಮನೆ ಹಿಂದಿನ ಮೂಲೆಯಲ್ಲಿ ಮೂರು ಅಡಿ ದೂರದಿಂದ ನೋಡಿ, ಬೇಕಾದರೆ ಮೆಲ್ಲ ಹತ್ತಿರ ಬನ್ನಿ. ಒಂದು ಅಡಿಗಿಂತ ಹತ್ತಿರ ಬೇಡ. ನೇರ ಹೊಡೆಯದೆ ಓರೆಯಾಗಿ ಬಿಡಿ, ಕೈ ಒಂದೇ ಕಡೆ ನಿಲ್ಲಿಸಬೇಡಿ. ಎಸಿಯ ಹೊರಗಿನ ಯೂನಿಟ್ಟಿಗೆ ತಾಗಿದರೆ ಅದರ ತೆಳು ತಗಡು ಮಡಚಿ ಹೋಗುತ್ತದೆ.

ನಿಲ್ಲುವ ಜಾಗದ ಹಾವಸೆಯನ್ನು ಎಲ್ಲಕ್ಕಿಂತ ಮೊದಲು ಉಜ್ಜಿ ತೆಗೆಯಿರಿ. ಗಮ್ ಬೂಟು, ಕನ್ನಡಕ, ಗ್ಲೌಸು ಬೇಕೇ ಬೇಕು, ಹವಾಯಿ ಚಪ್ಪಲಿ ಆಗುವುದಿಲ್ಲ. ಏಣಿ ಹತ್ತಿ ಗನ್ ಹಿಡಿಯಲೇಬೇಡಿ. ಟ್ರಿಗರ್ ಒತ್ತಿದ ಕ್ಷಣ ಅದು ಹಿಂದಕ್ಕೆ ತಳ್ಳುತ್ತದೆ. ಎತ್ತರಕ್ಕೆ ಉದ್ದ ಕೋಲು ಸಿಗುತ್ತದೆ, ಅದನ್ನು ನೆಲದಲ್ಲಿ ನಿಂತು ಬಳಸಿ.

ಕಾರಿನ ಟಯರಿನಲ್ಲಿ ಸುಮಾರು 2 ಬಾರ್ ಗಾಳಿ ಇರುತ್ತದೆ. ಮನೆ ಬಳಕೆಯ ಮೆಷಿನ್ನಿನ ಒತ್ತಡ 100 ಬಾರ್ ದಾಟುತ್ತದೆ. ಕೊಳೆ ಹೋಗಲಿ ಅಂತ ಕಾಲಿಗೆ ಬಿಟ್ಟುಕೊಳ್ಳುವವರನ್ನು ನೋಡಿದರೆ ನನಗೆ ಜೀವ ಹೋದ ಹಾಗಾಗುತ್ತದೆ. ಚರ್ಮ ತೂರಿದರೆ ಹೊರಗೆ ಒಂದು ಚುಕ್ಕೆಯಷ್ಟೇ ಕಾಣಬಹುದು, ರಕ್ತವೂ ಹೆಚ್ಚು ಬರದೇ ಇರಬಹುದು. ಒಳಗೆ ನೀರು, ಕೊಳೆ ಹರಡಿ ಬೆರಳೇ ಹೋಗಬಹುದು. ಬ್ಯಾಂಡೇಜ್ ಸುತ್ತಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಪ್ರೆಶರ್ ನೀರು ಒಳಗೆ ಹೊಕ್ಕಿದೆ ಅಂತಲೇ ಹೇಳಿ. ಮಕ್ಕಳು, ನಾಯಿ, ದನ ಯಾವುದೂ ಹತ್ತಿರ ಸುಳಿಯಬಾರದು.

ಕೆಲಸ ಮುಗಿದಾಗ ಸ್ವಿಚ್ ಆರಿಸಿ, ನಳ್ಳಿ ಕಟ್ಟಿ, ಮತ್ತೆ ಟ್ರಿಗರ್ ಒತ್ತಿ. ಪೈಪಿನಲ್ಲಿ ಉಳಿದ ಒತ್ತಡ ಹೋದ ಮೇಲೆಯೇ ಗನ್ ಬಿಚ್ಚಬೇಕು. ಬಣ್ಣ ಬಳಿಯುವ ಅಂದಾಜಿದ್ದರೆ ಗೋಡೆ ಪೂರ್ತಿ ಒಣಗುವವರೆಗೆ ಕಾಯಿರಿ. ಬಿಸಿಲು ಬೀಳದ ಬದಿ ಒಣಗಲು ಜಾಸ್ತಿ ದಿನ ಹಿಡಿಯುತ್ತದೆ.