ತಾವರೆ ಬೀಜಕ್ಕೆ ಅರ ಹಾಕುವುದು ಹೇಗೆ

ನಾನು 31 ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಗಿಡದ ಹುಚ್ಚು ಹತ್ತಿದ್ದು ರಿಟೈರ್ ಆದ ಮೇಲೆ. ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ಈಗ ಐದು ಟಬ್ ತಾವರೆ ಇದೆ. ಐದೂ ಬೀಜದಿಂದ ಬಂದದ್ದು. ನೋಡಿದವರೆಲ್ಲ ಕೇಳುವುದು ಒಂದೇ: "ನಾವೂ ಬೀಜ ನೀರಿಗೆ ಹಾಕಿದ್ವಿ, ಮೊಳಕೆನೇ ಬರಲಿಲ್ಲ. ನಿಮಗೆ ಹೇಗೆ ಬಂತು?" ಸುಮ್ನೆ ನೀರಿಗೆ ಹಾಕಿದರೆ ಬರುವುದಿಲ್ಲ ಸ್ವಾಮಿ. ನಾನೂ ಮೊದಲ ಸಲ ಹಾಗೇ ಹಾಕಿ ನಾಲ್ಕು ತಿಂಗಳು ಕಾದೆ. ಕೊನೆಗೆ ನಮ್ಮ ಮನೆಯವಳು ಆ ಬಕೆಟ್ಟನ್ನು ಬಟ್ಟೆ ನೆನೆಹಾಕಲು ತೆಗೆದುಕೊಂಡಳು. ಬೀಜ ಮಾತ್ರ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು.

ಮೊದಲು, ನಿಮ್ಮ ಕೈಯಲ್ಲಿರುವುದು ತಾವರೆ ಬೀಜವೇ ಅಂತ ನೋಡಿಕೊಳ್ಳಿ. ಅಂಗಡಿಯಲ್ಲಿ ಬೆಳ್ಳಗೆ ಅರಳಿದ ಮಖಾನಾವನ್ನೇ ಎಷ್ಟೋ ಜನ ತಾವರೆ ಬೀಜ ಅಂದುಕೊಂಡಿದ್ದಾರೆ. ಅದು ಬೇರೆ ಗಿಡ. ಬಿಹಾರದ ಮಿಥಿಲೆಯ ಕೊಳಗಳಲ್ಲಿ ಬೆಳೆಯುತ್ತದೆ, ಮೈಯೆಲ್ಲ ಮುಳ್ಳು, ನೈದಿಲೆಯ ಸಂಬಂಧಿ. ಅದರ ಬಟಾಣಿ ಗಾತ್ರದ ಕಪ್ಪು ಬೀಜವನ್ನು ಹುರಿದು, ಬಡಿದು ಅರಳಿಸುತ್ತಾರೆ. ಹುರಿದದ್ದು ಎಲ್ಲಿ ಮೊಳೆಯುತ್ತದೆ? ಇನ್ನು ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಜಪಮಾಲೆಯ ಕಮಲದ ಮಣಿ ನಿಜವಾದ ತಾವರೆ ಬೀಜವೇ. ಆದರೆ ದಾರ ಪೋಣಿಸಲು ನಡುವೆ ತೂತು ಕೊರೆದಿರುತ್ತಾರೆ, ಒಳಗಿನ ಮೊಳಕೆ ಅಲ್ಲೇ ಸತ್ತಿರುತ್ತದೆ. ಪೂಜೆಗೆ ಅಂತ ಬಿಡಿಯಾಗಿ ಮಾರುವ, ತೂತಿಲ್ಲದ ಬೀಜವಾದರೆ ತರಬಹುದು.

ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ನನಗೆ ನೀಲಿ ತಾವರೆ ಬೀಜ ಅಂತ ಹತ್ತು ಬೀಜ ಕಳಿಸಿದ್ದ. ಮೂರು ಮೊಳೆತವು, ಮೂರರಲ್ಲೂ ನಸುಗೆಂಪು ಹೂವು. ಆಮೇಲೆ ಗೊತ್ತಾಯಿತು. ತಾವರೆ ಕುಟುಂಬದಲ್ಲಿ ಇರುವುದೇ ಎರಡು ಜಾತಿ. ನಮ್ಮ ಏಷ್ಯಾದ್ದು ಗುಲಾಬಿ ಅಥವಾ ಬಿಳಿ, ಅಮೆರಿಕದ್ದು ಹಳದಿ. ನೀಲಿ ಅಂತ ಇಲ್ಲವೇ ಇಲ್ಲ. ನೀಲಿ ಹೂವು ನೈದಿಲೆಯದು. ಬೀಜ ನೋಡಿ ಹೂವಿನ ಬಣ್ಣ ಹೇಳುತ್ತೇನೆ ಅನ್ನುವವನನ್ನು ನಂಬಬೇಡಿ.

ಎಲ್ಲಕ್ಕಿಂತ ಒಳ್ಳೆಯದು ಕಾಯಿಯಿಂದಲೇ ಬೀಜ ತೆಗೆಯುವುದು. ನನ್ನ ತಂಗಿಯನ್ನು ಗುಬ್ಬಿ ಕಡೆಯ ಹಳ್ಳಿಗೆ ಕೊಟ್ಟಿದೆ. ಅವರ ಊರ ಕೆರೆಯಲ್ಲಿ ತಾವರೆ ಇದೆ. ಮೊದಲ ಸಲ ಹೋದಾಗ ಆಸೆಗೆ ಹಸಿರು ಕಾಯಿ ಕೀಳಿಸಿಕೊಂಡು ಬಂದೆ. ತಂಗಿ ನಕ್ಕಳು. "ಅಣ್ಣಾ, ಇದು ತಿನ್ನೋ ಕಾಯಿ. ಬಿತ್ತೋಕೆ ಬೇಕಾದ್ರೆ ಕಪ್ಪಾದ ಮೇಲೆ ಬಾ" ಅಂದಳು. ಉಗುರಿನಿಂದ ಸಿಪ್ಪೆ ಸುಲಿದು ಕೊಟ್ಟಳು, ಎಳೆ ಕಡಲೆಕಾಯಿಯ ಹಾಗೆ ಸಿಹಿ. ನಡುವೆ ಇರುವ ಹಸಿರು ಕಡ್ಡಿ ಮಾತ್ರ ಬೇವಿನ ಹಾಗೆ ಕಹಿ. ಆ ಕಹಿ ಕಡ್ಡಿಯೇ ಮುಂದಿನ ಗಿಡ. ಅದರ ಎರಡು ಪಕ್ಕದ ಬಿಳಿ ಬೇಳೆ ಅದಕ್ಕೆ ಬುತ್ತಿ.

ಕಾಯಿಯ ರಚನೆ ಒಮ್ಮೆ ಅರ್ಥವಾದರೆ ಯಾವಾಗ ಕೀಳಬೇಕು ಅಂತ ತಾನೇ ಗೊತ್ತಾಗುತ್ತದೆ. ಹೂವಿನ ನಡುವೆ ಹಳದಿ ಬಣ್ಣದ, ಮೇಲೆ ಚಪ್ಪಟೆಯಾದ ಒಂದು ದಿಂಡು ಇರುತ್ತದಲ್ಲ, ಶವರ್ ತಲೆಯ ಹಾಗೆ? ದಳ ಉದುರಿದ ಮೇಲೆ ಅದೇ ಹಸಿರಾಗಿ ದೊಡ್ಡದಾಗುತ್ತದೆ. ನಾವು ಕಾಯಿ ಅನ್ನುವುದು ಇದನ್ನೇ. ನಿಜ ಹೇಳಬೇಕೆಂದರೆ ಅದು ಬರೀ ಸ್ಟ್ಯಾಂಡು. ಅದರ ಒಂದೊಂದು ಕುಳಿಯಲ್ಲಿ ಕೂತಿರುವುದೇ ಒಂದೊಂದು ಕಾಯಿ. ಒಂದು ಕಾಯಿಗೆ ಒಂದೇ ಬೀಜ, ಗೋಡಂಬಿಯ ಹಾಗೆ. ನಾವು ಬೀಜ ಅಂತ ಕರೆಯುವುದರ ಕಪ್ಪು ಚಿಪ್ಪು ಕಾಯಿಯದು. ಬೀಜ ಅದರೊಳಗೆ.

ಬಲಿಯುತ್ತಾ ಹೋದಂತೆ ದಿಂಡು ಕಂದಾಗಿ, ಒಣಗಿ, ಬೆಂಡಿನಷ್ಟು ಹಗುರಾಗುತ್ತದೆ. ಕುಳಿಯ ಬಾಯಿ ಅಗಲವಾಗುತ್ತದೆ. ಕತ್ತು ಬಗ್ಗುತ್ತದೆ. ಹಾಗೇ ಬಿಟ್ಟರೆ ಮುರಿದು ನೀರಿಗೆ ಬಿದ್ದು ತೇಲಿಕೊಂಡು ಹೋಗಿ, ಎಲ್ಲೋ ಬೀಜ ಉದುರಿಸುತ್ತದೆ. ಕತ್ತು ಬಗ್ಗುವ ಹೊತ್ತಿಗೆ ಕೀಳಿ. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಗಲಗಲ ಅನ್ನಬೇಕು. ಎಲ್ಲ ಕುಳಿಯಲ್ಲೂ ಬೀಜ ಇರುತ್ತದೆ ಅಂದುಕೊಳ್ಳಬೇಡಿ, ಪರಾಗ ಸಿಗದ ಕುಳಿಯಲ್ಲಿ ಜೊಳ್ಳು ಇರುತ್ತದೆ. ನೀವೇ ನೀರಿಗಿಳಿಯಬೇಡಿ. ಹೂಳು ಎಷ್ಟು ಆಳ ಅಂತ ತಿಳಿಯುವುದಿಲ್ಲ, ದಂಟಿನ ಮುಳ್ಳು ಬೇರೆ ಗೀರುತ್ತದೆ. ತೆಪ್ಪದವರಿಗೆ ಹೇಳಿ ತರಿಸಿ.

ನೈದಿಲೆಯದು ಪೂರ್ತಿ ಉಲ್ಟಾ ಲೆಕ್ಕ. ಹೂವಿನ ಕೆಲಸ ಮುಗಿದ ಮೇಲೆ ಅದರ ದಂಟು ನೀರೊಳಗೆ ಎಳೆದುಕೊಳ್ಳುತ್ತದೆ. ಕಾಯಿ ಅಲ್ಲೇ ಮೆತ್ತಗೆ ಹಣ್ಣಾಗಿ ಒಡೆಯುತ್ತದೆ. ಒಳಗೆ ಗಸಗಸೆಯಂಥ ಲೆಕ್ಕವಿಲ್ಲದಷ್ಟು ಬೀಜ, ಪ್ರತಿಯೊಂದಕ್ಕೂ ಲೋಳೆಯಂಥ ಚೀಲ. ಸ್ವಲ್ಪ ಹೊತ್ತು ತೇಲಿ, ಚೀಲ ಕೊಳೆತ ಮೇಲೆ ಮುಳುಗುತ್ತದೆ. ಅದರ ಬೀಜ ಬೇಕಾದರೆ ಒಡೆಯುವ ಮುಂಚೆಯೇ ಕಾಯಿಗೆ ತೆಳು ಬಟ್ಟೆ ಕಟ್ಟಬೇಕು. ಇಷ್ಟು ವ್ಯತ್ಯಾಸ ಇದ್ದರೂ ಹಿಂದೆ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಡಿಎನ್‌ಎ ನೋಡಿದ ಮೇಲೆ ತಾವರೆಯ ನೆಂಟಸ್ತಿಕೆ ಬೇರೆ ಕಡೆ ಅಂತ ಗೊತ್ತಾಯಿತು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಇದೆಯಲ್ಲ, ತಾವರೆ ಅದಕ್ಕೆ ಹತ್ತಿರವಂತೆ, ಪಕ್ಕದಲ್ಲೇ ಬೆಳೆಯುವ ನೈದಿಲೆಗಲ್ಲ! ನಂಬೋಕೆ ಕಷ್ಟ ಅಲ್ವಾ?

ಈಗ ಅರದ ಕೆಲಸ. ಬೀಜದ ಚಿಪ್ಪು ನೀರನ್ನು ಒಳಗೆ ಬಿಡುವುದೇ ಇಲ್ಲ. ಜಪಾನಿನ ಚಿಬಾದಲ್ಲಿ 1951ರಲ್ಲಿ ಓಗಾ ಇಚಿರೊ ಅನ್ನುವವರು ಹಳೆಯ ಮಣ್ಣಿನ ಪದರದಿಂದ ಮೂರು ತಾವರೆ ಬೀಜ ತೆಗೆದರು. ಸುಮಾರು 2000 ವರ್ಷ ಹಳೆಯವು ಅಂತ ಅಂದಾಜು. ಅದರಲ್ಲಿ ಒಂದು ಗಿಡವಾಗಿ ಮರುವರ್ಷ ಹೂ ಬಿಟ್ಟಿತು. ಈಶಾನ್ಯ ಚೀನಾದ ಒಂದು ಒಣಗಿದ ಕೆರೆಯ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷದ ಬೀಜವೂ ಮೊಳೆತಿದೆ. ಅಷ್ಟು ವರ್ಷ ಕಾಯುವ ಬೀಜಕ್ಕೆ ನನ್ನ ಬಕೆಟ್ಟಿನ ನಾಲ್ಕು ತಿಂಗಳು ಯಾವ ಲೆಕ್ಕ?

ಮೊದಲು ಬೀಜಗಳನ್ನು ನೀರಿಗೆ ಹಾಕಿ. ತೇಲಿದ್ದನ್ನು ಬಿಸಾಡಿ. ಮುಳುಗಿದ್ದನ್ನು ಕೈಗೆತ್ತಿಕೊಂಡು ಎರಡು ತುದಿಯನ್ನೂ ನೋಡಿ. ಒಂದು ತುದಿಯಲ್ಲಿ ಸಣ್ಣ ಮೊನೆ ಇರುತ್ತದೆ. ಇನ್ನೊಂದು ತುದಿಯಲ್ಲಿ ಚಿಕ್ಕ ಗುಳಿ. ಉಜ್ಜಬೇಕಾದದ್ದು ಗುಳಿ ಇರುವ ತುದಿಯನ್ನು. ಮೊನೆಯ ಕಡೆ ಕೈ ಹಾಕಬೇಡಿ.

ಬೀಜ ಬೆರಳಿನಿಂದ ಜಾರುತ್ತದೆ. ವೈಸಿಗೆ ಕಚ್ಚಿಸಿದರೆ ಒಡೆಯುತ್ತದೆ. ನಾನು ಒಂದು ಮರದ ತುಂಡಿನಲ್ಲಿ 10, 12 ಮತ್ತು 14 ಮಿ.ಮೀ. ಡ್ರಿಲ್‌ನಿಂದ ಅರ್ಧ ಆಳಕ್ಕೆ ಮೂರು ಕುಳಿ ಕೊರೆದಿಟ್ಟುಕೊಂಡಿದ್ದೇನೆ. ಯಾವುದಕ್ಕೆ ಬಿಗಿಯಾಗಿ ಕೂರುತ್ತದೋ ಅದರಲ್ಲಿ ಮೊನೆ ಕೆಳಗೆ, ಗುಳಿ ಮೇಲೆ ಬರುವಂತೆ ಕೂರಿಸುತ್ತೇನೆ. ನುಣುಪಾದ ಚಪ್ಪಟೆ ಅರ ಸಾಕು. ಒತ್ತಬೇಡಿ, ಮುಂದಕ್ಕೆ ಮಾತ್ರ ತಳ್ಳಿ. ಅರ ಇಲ್ಲದವರು ಸ್ಯಾಂಡ್‌ಪೇಪರ್ ಮೇಲೆ ಅಥವಾ ಸಿಮೆಂಟ್ ಕಟ್ಟೆಯ ಮೇಲೆ ಉಜ್ಜಬಹುದು, ಬೆರಳು ಜೋಪಾನ. ಗ್ರೈಂಡರ್ ಮಾತ್ರ ಬೇಡ. ಸೋಮಾರಿತನಕ್ಕೆ ಒಮ್ಮೆ ಹಿಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಜ ಅರ್ಧ ಆಗಿತ್ತು.

ಮೊದಲು ಕಪ್ಪು ಪುಡಿ ಉದುರುತ್ತದೆ, ಆಮೇಲೆ ಕಂದು. ಕಂದಿನ ನಡುವೆ ಸಾಸಿವೆ ಕಾಳಿನಷ್ಟು ಕೆನೆ ಬಣ್ಣ ಕಂಡ ತಕ್ಷಣ ನಿಲ್ಲಿಸಿ. ಅದು ಬೇಳೆ. ಇನ್ನೂ ಉಜ್ಜಿದರೆ ಕೊಳೆಯುತ್ತದೆ. ಕಮ್ಮಿಯಾಯಿತು ಅನ್ನಿಸಿದರೆ ಚಿಂತೆಯಿಲ್ಲ. ಒಂದು ದಿನ ನೀರಿನಲ್ಲಿಟ್ಟು ನೋಡಿ, ಉಬ್ಬಿರದಿದ್ದರೆ ಮತ್ತೆ ನಾಲ್ಕು ಸಲ ಅರ ಹಾಕಿ. ಜಾಸ್ತಿ ಉಜ್ಜಿದ್ದನ್ನು ಸರಿಮಾಡಲು ಆಗುವುದಿಲ್ಲ. ಕಬ್ಬಿಣದಲ್ಲೂ ಇದೇ ಕಥೆ.

ಗಾಜಿನ ಲೋಟದಲ್ಲಿ ನಾಲ್ಕು ಬೆರಳು ನೀರು ಹಾಕಿ, ಬೆಚ್ಚಗಿರುವ ಕಿಟಕಿಯ ಹತ್ತಿರ ಇಡಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ದಿನವೂ ನೀರು ಬದಲಿಸಿ. ನೀರು ಹಾಲಿನಂತಾಗಿ ವಾಸನೆ ಬಂದರೆ ಆ ಬೀಜ ಹೋಯಿತು ಅಂತ ಅರ್ಥ. ಸರಿಯಾದದ್ದು ಒಂದೆರಡು ದಿನದಲ್ಲಿ ದಪ್ಪ ಊದುತ್ತದೆ. ವಾರದೊಳಗೆ ಹಸಿರು ಕೊಕ್ಕೆಯಂಥ ಮೊಳಕೆ ಹೊರಬರುತ್ತದೆ. ಚಿಪ್ಪನ್ನು ಕಿತ್ತು ಸಹಾಯ ಮಾಡಲು ಹೋಗಬೇಡಿ. ಬೇರೆ ಬೀಜಗಳಲ್ಲಿ ಬೇರು ಮೊದಲು, ಇದರಲ್ಲಿ ಎಲೆ ಮೊದಲು. ಎರಡು ಮೂರು ಪುಟ್ಟ ಎಲೆ ನೀರ ಮೇಲೆ ತೇಲಿದ ಮೇಲೆ ಬಿಳಿ ಬೇರು ಕಾಣುತ್ತದೆ. ಅಲ್ಲಿವರೆಗೆ ಮಣ್ಣಿನ ಯೋಚನೆ ಬೇಡ.

ಟಬ್ಬಿಗೆ ತಳದಲ್ಲಿ ತೂತಿರಬಾರದು. ಮಣ್ಣಿಗೆ ಕೆರೆ ಗೋಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೊಕೊಪೀಟ್, ಎಲೆಗೊಬ್ಬರ ಹಾಕಿದರೆ ಒಂದೋ ತೇಲುತ್ತದೆ, ಇಲ್ಲಾ ಕೊಳೆಯುತ್ತದೆ. ಬೇರನ್ನು ಮೆಲ್ಲಗೆ ಹೂತು, ಎಲೆ ತೇಲುವಷ್ಟೇ ನೀರು ಬಿಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಎಲೆಗಳು ನೀರು ಬಿಟ್ಟು ಮೇಲಕ್ಕೆ ಎದ್ದು ನಿಲ್ಲುವವರೆಗೆ ಗೊಬ್ಬರದ ಮಾತೇ ಇಲ್ಲ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು. ಹೂವು ಅದೇ ವರ್ಷ ಬರಬಹುದು, ಮರುವರ್ಷವೂ ಆಗಬಹುದು. ತಾಯಿ ಗಿಡದ ಹಾಗೇ ಹೂ ಬರುತ್ತದೆ ಅಂತ ಇಲ್ಲ. ಅದೇ ಬೇಕಾದವರು ಗಡ್ಡೆ ತಂದು ನೆಡಲಿ.

ಮಿಕ್ಕ ಬೀಜಕ್ಕೆ ಫ್ರಿಜ್ ಬೇಡ. ಒಣ ಬಾಟಲಿಗೆ ತುಂಬಿ, ಕೆರೆಯ ಹೆಸರು ಮತ್ತು ಇಸವಿ ಬರೆದು ಅಂಟಿಸಿ. ನನ್ನ ಬಾಟಲಿ ಟೂಲ್ ಬಾಕ್ಸ್‌ನಲ್ಲಿ, ಅರದ ಪಕ್ಕದಲ್ಲೇ ಇದೆ.