ಗ್ರಾಫಿಕ್ಸ್ ಗಟ್ಟಿ, ಕಥೆ ಜಳ್ಳು: ಇಂಥ ವೈಜ್ಞಾನಿಕ ಕಲ್ಪನೆಯ ಸಿನಿಮಾ ನೋಡುವ ಬಗೆ

ಮೈಸೂರಿನ ಕುವೆಂಪುನಗರದ ಮನೆಯಲ್ಲೋ ಮಂಡ್ಯದ ಕಾಲೇಜು ಕೊಠಡಿಯಲ್ಲೋ ನಾಲ್ಕು ಜನ ಸೇರಿ ನೋಡುವುದಾದರೆ, ಮೊದಲು ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತಾನಾಗಿ ಫ್ರೇಮ್ ಸೇರಿಸಿದರೆ, ಕೋಟಿಗಟ್ಟಲೆ ಸುರಿದ ಗ್ರಾಫಿಕ್ಸೂ ಧಾರಾವಾಹಿಯಂತೆ ಕಾಣುತ್ತದೆ. ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು. ಬೆಳಕು ನುಸುಳಿದರೆ ಬಾಹ್ಯಾಕಾಶದ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ.

ಕಥೆಯನ್ನು ತೂಗಲು ಒಂದು ಹಾಳೆ ಸಾಕು. ದೃಶ್ಯಕ್ಕೊಂದು ಸಾಲು ಬರೆಯಿರಿ. ಎರಡು ಸಾಲಿನ ನಡುವೆ ‘ಆದ್ದರಿಂದ’ ಅಥವಾ ‘ಆದರೆ’ ಕೂರಬೇಕು. ಬರೀ ‘ಆಮೇಲೆ, ಆಮೇಲೆ’ ಎಂದಾದರೆ ಕಥೆ ಅಲ್ಲೇ ನಿಂತಿದೆ, ಸ್ಫೋಟ ಮಾತ್ರ ಮುಂದುವರಿದಿದೆ. ನಾಯಕನಿಗೆ ಏನು ಬೇಕು, ಸೋತರೆ ಏನು ಕಳೆದುಕೊಳ್ಳುತ್ತಾನೆ, ಇದನ್ನೂ ಬರೆಯಿರಿ.

2009ರ ‘ಅವತಾರ್’ನಿಂದ ಶುರು ಮಾಡಿ. ವಿಷುವಲ್ ಎಫೆಕ್ಟ್ಸ್, ಛಾಯಾಗ್ರಹಣ, ಕಲಾ ನಿರ್ದೇಶನಕ್ಕೆ ಆಸ್ಕರ್ ಬಂತು. ಚಿತ್ರಕಥೆಗೆ ನಾಮನಿರ್ದೇಶನವೂ ಸಿಗಲಿಲ್ಲ.